ಹತ್ತು ಗಂಟೆಯ ಸಾರು

ಉಪ್ಪಿನ ಚೀಲದ ಬಾಯಿಯನ್ನು ಇಬ್ಬರು ಹುಡುಗರು ಎರಡೂ ಕಡೆಯಿಂದ ಹಿಡಿದು ಜಗ್ಗುತ್ತಿದ್ದರು. ಹೊಲಿಗೆ ಇನ್ನಷ್ಟು ಬಿಗಿಯಾಯಿತೇ ಹೊರತು ಬಿಚ್ಚಲಿಲ್ಲ.

"ಬಿಡ್ರೋ, ಹರದೀರಿ." ಅಬ್ದುಲರಜಾಕ ಮುಂದೆ ಬಂದು ಬಲಗಡೆಯ ದಾರದ ತುದಿ ಹುಡುಕಿ ಎಳೆದ. ಹೊಲಿಗೆ ಸರ್ರನೆ ಬಿಚ್ಚಿಕೊಂಡಿತು. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಮೂವತ್ತೆರಡು ವರ್ಷ ಚೀಲ ಹೊಲಿದ ಕೈ ಅದು.

ಕುಣಿಯಲ್ಲಿ ಗುತ್ತೆವ್ವ ಕುಳಿತಿದ್ದಳು. ಪೇಟೆಯ ಹಮಾಲರಿಗೆಲ್ಲ ಖಾನಾವಳಿಯಲ್ಲಿ ಊಟ ಹಾಕುತ್ತಿದ್ದವಳು ನಿನ್ನೆ ಸಂಜೆ ರೊಟ್ಟಿ ಬಡಿಯುತ್ತಲೇ ಕುಸಿದು ತೀರಿಕೊಂಡಿದ್ದಳು. ಅರವತ್ತೊಂದು ವರ್ಷ. ಲಿಂಗಾಯತರ ಪದ್ಧತಿಯಂತೆ ಸುತ್ತಲೂ ವಿಭೂತಿ, ಪತ್ರಿ, ಉಪ್ಪು ತುಂಬಿ ಮಣ್ಣು ಎಳೆಯಬೇಕಿತ್ತು.

"ಏಳು ವರ್ಸ ಚಿಟಿಕಿ ಲೆಕ್ಕದಾಗ ಉಪ್ಪು ತಿಂದ್ಲು ಮುದುಕಿ," ಎಂದ ಹಮಾಲ ಭರಮಣ್ಣ. "ಇವತ್ತ ಒಂದ ಸಲಕ್ಕ ಎರಡು ಚೀಲ."

ಯಾರೋ ಅವನ ಬೆನ್ನಿಗೆ ಗುದ್ದಿದರು. ಮಗ ಸಿದ್ದಲಿಂಗೇಶ ಕೆಂಪಗಾದ ಕಣ್ಣಿನಲ್ಲೇ ಅಂದ: "ಅನ್ಲಿ ಬಿಡ್ರಿ. ಅವ್ವ ಇದ್ದಿದ್ರ ಎಲ್ಲಾರಕಿಂತ ಮೊದ್ಲ ಅಕೀನ ನಗತಿದ್ಲು."

ಅಬ್ದುಲರಜಾಕ ನಗಲಿಲ್ಲ. ಗುತ್ತೆವ್ವನಿಗೆ ಹೇಳಬೇಕಾದ ಮಾತೊಂದು ಅವನಲ್ಲಿ ಉಳಿದಿತ್ತು. ಮೂರು ವರ್ಷದಿಂದ ಉಳಿದಿತ್ತು.

*

2001ರ ಫೆಬ್ರುವರಿಯಲ್ಲಿ ಹಾವೇರಿಯ ಡಾಕ್ಟರು ಗುತ್ತೆವ್ವನ ಬಿ.ಪಿ. ನೋಡಿದಾಗ ನೂರ ಎಂಬತ್ತು ಇತ್ತು. ದಿನಕ್ಕೆ ಒಂದು ಸಣ್ಣ ಚಮಚಕ್ಕಿಂತ ಹೆಚ್ಚು ಉಪ್ಪು ಹೊಟ್ಟೆಗೆ ಹೋಗಬಾರದು, ಉಪ್ಪಿನಕಾಯಿ, ಹಪ್ಪಳ ಬಂದ್ ಎಂದರು. ಆಕೆ ಚಾಚೂ ತಪ್ಪದೆ ನಡೆದಳು. ತಿಂಗಳೊಪ್ಪತ್ತಿನಲ್ಲಿ ನಾಲಿಗೆ ಸಪ್ಪೆಗೆ ಒಗ್ಗಿತು. ತೊಂದರೆ ಶುರುವಾದದ್ದು ಅಲ್ಲಿಂದ. ಅವಳಿಗೆ ಸರಿ ಎನಿಸಿದ್ದು ಊಟಕ್ಕೆ ಬಂದವರಿಗೆ ಸಪ್ಪೆಯಾಗುತ್ತಿತ್ತು.

"ಉಪ್ಪು ತುಟ್ಟಿ ಆಗೇತೇನ ಯವ್ವಾ?" ಎಂದು ಹಮಾಲರು ಕೇಳತೊಡಗಿದರು. ನಾಲ್ಕು ಮಂದಿ ಬೇರೆ ಖಾನಾವಳಿ ಹಿಡಿದರು.

ಪಕ್ಕದ ಅಂಗಡಿಯ ಅಬ್ದುಲರಜಾಕ, ಹೆಂಡತಿ ತೀರಿದ ಮೇಲೆ ಮಧ್ಯಾಹ್ನ ಅಲ್ಲೇ ಉಣ್ಣುತ್ತಿದ್ದ. ಒಂದು ದಿನ ತಡೆಯಲಾರದೆ ಹೇಳಿಯೇಬಿಟ್ಟ: "ಗುತ್ತೆವ್ವಾರ, ಸಿಟ್ಟಾಗಬ್ಯಾಡ್ರಿ. ಇದು ಸಾರಲ್ರಿ, ಕೆಂಪು ಬಿಸಿನೀರು."

ಮರುದಿನ ಬೆಳಿಗ್ಗೆ ಹತ್ತಕ್ಕೆ ಆಕೆ ಸೌಟು ಹಿಡಿದು ಹಿತ್ತಲ ಬಾಗಿಲಲ್ಲಿ ನಿಂತಿದ್ದಳು.

"ಸಾಬ್ರ, ಕೈ ಒಡ್ರಿ. ಉಪ್ಪು ನೋಡ್ರಿ."

"ನಾನೇನ್ರಿ? ನಿಮ್ಮಲ್ಲಿ ಉಣ್ಣಾಕ ಅಯ್ಯನೋರು ಸುದ್ದಾ ಬರ್ತಾರ."

"ಉಪ್ಪು ನೋಡ್ರಿ ಅಂದೇನಿ, ಜಾತಿ ನೋಡ್ರಿ ಅಂದೇನೇನು?"

ಅಂಗೈಗೆ ಬಿದ್ದ ಸಾರು ಸುಟ್ಟಿತು. "ಇನ್ನೊಂದು ಮುಷ್ಟಿ ಹಾಕ್ರಿ," ಎಂದ. ಅಂದಿನಿಂದ ಹತ್ತು ಗಂಟೆ ಎಂದರೆ ಅದೇ. ಎರಡು ನಿಮಿಷದ ಕೆಲಸ. ಆದರೆ ಅವನು ಹೊಲಿಯುವ ದಬ್ಬಣವನ್ನು ಒಂಬತ್ತೂವರೆಗೇ ಕೆಳಗಿಟ್ಟು ಮುಖ ತೊಳೆದುಕೊಳ್ಳುತ್ತಿದ್ದ.

*

2005ರಲ್ಲಿ ಚೀಲ ಹೊಲಿಯುವ ಸುತಳಿ ತರಲು ರಾಣೆಬೆನ್ನೂರಿಗೆ ಹೋದವನಿಗೆ ಬಸ್‌ಸ್ಟ್ಯಾಂಡಿನಲ್ಲಿ ತಲೆ ತಿರುಗಿತು. ಅಲ್ಲಿಯ ಡಾಕ್ಟರು ತೋಳಿಗೆ ಪಟ್ಟಿ ಸುತ್ತಿ ನೋಡಿ, ಗುತ್ತೆವ್ವನಿಗೆ ಹೇಳಿದ್ದನ್ನೇ ಇವನಿಗೂ ಹೇಳಿದರು.

ಬ್ಯಾಡಗಿಗೆ ಬಂದು ಯಾರಿಗೂ ಹೇಳಲಿಲ್ಲ. ಮನೆಯಲ್ಲಿ ಸೊಸೆಗೆ ಮಾತ್ರ ತಿಳಿಸಿ, ಮಧ್ಯಾಹ್ನದ ಊಟವನ್ನು ಮನೆಗೆ ಬದಲಿಸಿದ. "ಸೊಸಿ ಬೇಜಾರಾಗ್ತಾಳ್ರಿ," ಎಂದು ಗುತ್ತೆವ್ವನಿಗೆ ನೆಪ ಹೇಳಿದ. ಎರಡು ತಿಂಗಳು ಕಳೆಯುವಷ್ಟರಲ್ಲಿ ಅವನ ನಾಲಿಗೆಯೂ ಬದಲಾಯಿತು. ಅವಳು ಅಂಗೈಗೆ ಬಿಟ್ಟ ಸಾರು ಯಾವಾಗಲೂ ಉಪ್ಪೆನಿಸಿತು. ಕೆಲವು ದಿನ 'ಬರೋಬ್ಬರಿ' ಎಂದು ಹೇಳಿದ. ಆಮೇಲೆ ಅಂದಾಜಿನ ಮೇಲೆ 'ಇನ್ನೊಂದು ಚಿಟಿಕಿ' ಎನ್ನತೊಡಗಿದ. ನನ್ನ ನಾಲಿಗೆ ಕೆಟ್ಟಿದೆ ಎಂದು ಒಪ್ಪಿಕೊಂಡರೆ ಆಕೆ ಬೇರೆಯವರನ್ನು ಕರೆಯುತ್ತಾಳೆ. ಹತ್ತು ಗಂಟೆ ಹೋಗುತ್ತದೆ.

ಆ ದೀಪಾವಳಿಯ ಹೊತ್ತಿಗೆ ಗುತ್ತೆವ್ವ ಸೌಟು ಬಿಟ್ಟು ಸಣ್ಣ ಚಮಚ ತರತೊಡಗಿದಳು. ಅಂಗೈಯಲ್ಲಿ ಎರಡು ಹನಿ. ತನ್ನ ಮೇಲೆ ಆಕೆಗೆ ಬೇಸರ ಬಂದಿರಬೇಕು ಎಂದು ಅವನು ಅನೇಕ ದಿನ ಕೊರಗಿದ. ಕೇಳಲಿಲ್ಲ.

*

"ಕಾಕಾ, ನೀವೂ ಹಾಕ್ರಿ," ಎಂದಳು ಗುತ್ತೆವ್ವನ ಸೊಸೆ ಭುವನಾ.

ಅಬ್ದುಲರಜಾಕ ಚೀಲದಿಂದ ಒಂದು ಮುಷ್ಟಿ ಹರಳುಪ್ಪು ತೆಗೆದುಕೊಂಡು ಕುಣಿಯ ಅಂಚಿನಲ್ಲಿ ಬಗ್ಗಿದ. ಬೆರಳು ಸಡಿಲಿಸಿದ. ಹರಳುಗಳು ಅವಳ ಸೀರೆಯ ಮಡಿಕೆಗಳಲ್ಲಿ ನಿಂತವು. ಸಲಿಕೆಗಳು ಮಣ್ಣು ಎಳೆದವು.

ಎಲ್ಲರೂ ಕೈಕಾಲು ತೊಳೆಯಲು ಬೋರಿನ ಕಡೆ ನಡೆದಾಗ ಅವನು ಭುವನಾಳನ್ನು ಬೇವಿನ ಗಿಡದ ಹತ್ತಿರ ತಡೆದ.

"ತಂಗಿ, ನಿಮ್ಮತ್ತಿಗೆ ನಾ ಮೋಸ ಮಾಡೇನಿ. ನನಗೂ ಬಿ.ಪಿ. ಐತಿ. ಮೂರು ವರ್ಸ ಆತು, ಉಪ್ಪು ಬಿಟ್ಟೇನಿ. ಅಕೀಗೆ ಹೇಳಿದ್ದೆಲ್ಲಾ ಬರೇ ಅಂದಾಜು."

ಭುವನಾ ಸೆರಗಿನಿಂದ ಮುಖ ಒರೆಸಿಕೊಂಡಳು. "ಅತ್ತಿಗೆ ಗೊತ್ತಿತ್ತು, ಕಾಕಾ."

"ಹೆಂಗ ಗೊತ್ತಾತು?" ಎಂದು ಅವನು ಕೇಳಿದ.

"ಅವಾಗ ಒಂದಿನ ಭರಮಣ್ಣ ಸಾರು ಸಪ್ಪಗಾಗೇತಿ ಅಂತ ತಾಟು ಸರಿಸಿ ಎದ್ದ. ನಾ ಬಾಯಾಗ ಹಾಕಿ ನೋಡಿದೆ, ಖರೇನ ಉಪ್ಪಿಲ್ಲ. ಅತ್ತಿಗೆ ಹೇಳಿದೆ. 'ಸಾಬ್ರಿಗೂ ನನ್ನಂಗ ಬಂದೈತಿ, ಅದಕ್ಕ ಮಧ್ಯಾಹ್ನ ಉಣ್ಣಾಕ ಬರವಲ್ರು' ಅಂದ್ರು. ಮರುದಿನ ಸೌಟು ಒಳಗಿಟ್ಟು ಚಮಚ ತಗೊಂಡ್ರು. 'ಜಾಸ್ತಿ ಹೋಗಬಾರ್ದು ಅವರ ಹೊಟ್ಟಿಗೆ' ಅಂದ್ರು."

"ಮತ್ತ ಉಪ್ಪು ಯಾರು ನೋಡತಿದ್ರು?"

"ನಾನ. ನೀವು ಹೋದ ಮ್ಯಾಲೆ."

"ಮೂರು ವರ್ಸ?"

"ಹೂಂ. 'ಸುಮ್ನ ಯಾಕ ಅವರನ್ನ ಕರೀತೀರಿ, ಅವರಿಗೂ ತ್ರಾಸು' ಅಂತ ಕೇಳಿದೆ ಒಮ್ಮೆ. 'ಹತ್ತಕ್ಕ ಬರ್ತಾರ. ಬರ್ಲಿ ಬಿಡು' ಅಂದ್ರು. ಅಷ್ಟ."

ಬೋರಿನ ಕಡೆಯಿಂದ ಸಿದ್ದಲಿಂಗೇಶ ಕರೆದ. ಭುವನಾ ಹೋದಳು.

ಅಬ್ದುಲರಜಾಕ ಬೋರಿನತ್ತ ಹೋಗದೆ ರಸ್ತೆಗೆ ಇಳಿದ. ಪೇಟೆ ತಲುಪುವಷ್ಟರಲ್ಲಿ ಸಂಜೆಯ ನಮಾಜಿನ ಕೂಗು ಕೇಳಿತು. ಮಸೀದಿಯ ಅಂಗಳದಲ್ಲಿ ಕೈಕಾಲು ತೊಳೆದು ಎಲ್ಲರೂ ಒಳಗೆ ಹೋಗಿಯಾಗಿತ್ತು. ಅವನು ನಲ್ಲಿಯ ಮುಂದಿನ ಕಲ್ಲಿನ ಮೇಲೆ ಕುಳಿತ. ಬಲಗೈಯ ಗೆರೆಗಳಲ್ಲಿ, ಬೆವರಿಗೆ ಅಂಟಿದ ಉಪ್ಪಿನ ಪುಡಿ ಬಿಳಿಯಾಗಿ ನಿಂತಿತ್ತು.

ಎಡಗೈಯಿಂದ ನಲ್ಲಿ ತಿರುಗಿಸಿದ. ನೀರು ಬಿದ್ದಿತು.

"ಚಾಚಾ, ಲಗೂ ಬರ್ರಿ, ಎಲ್ಲಾರೂ ನಿಂತಾರ," ಎಂದು ಬಾಗಿಲಿನಿಂದ ಓಣಿಯ ಹುಡುಗ ದಾದಾಪೀರ ಕರೆದ.

"ಬಂದೆ," ಎಂದ ಅಬ್ದುಲರಜಾಕ. ಬಲಗೈ ಮುಷ್ಟಿ ಬಿಗಿದು ಮೊಣಕಾಲ ಮೇಲೆ ಇತ್ತು. ನೀರು ಕಲ್ಲಿನ ಮೇಲೆ ಬಿದ್ದು, ಅವನ ಪಾದಗಳನ್ನು ದಾಟಿ, ಗಟಾರದ ಕಡೆ ಹರಿಯುತ್ತಲೇ ಇತ್ತು.