ಬೀಗರ ಕಡೆಯ ಕ್ಲಾರಿನೆಟ್

ನನ್ನ ಮದುವೆಗೆ ನಮ್ಮಣ್ಣನನ್ನು ಯಾರೂ ಕರೆದಿರಲಿಲ್ಲ. ಅವನು ಬಂದದ್ದು ಬೀಗರ ಕಡೆಯಿಂದ, ಕೆಂಪು ಕೋಟು ಹಾಕಿಕೊಂಡು, ಕ್ಲಾರಿನೆಟ್ ಊದುತ್ತ.

ಇದು ತೊಂಬತ್ತೆಂಟರ ಮಾತು. ಬಸವಕಲ್ಯಾಣದಲ್ಲಿ ನಮ್ಮಪ್ಪ ಮಹಾರುದ್ರಪ್ಪ ಅಂದರೆ ಹೊಲ, ತೊಗರಿ ವ್ಯಾಪಾರ ಮತ್ತು ಮೂಗಿನ ತುದಿಯಲ್ಲಿ ಸಿಟ್ಟು. ಅಣ್ಣ ಧನರಾಜ ಕಾಲೇಜು ಅರ್ಧಕ್ಕೇ ಬಿಟ್ಟು ಹುಮನಾಬಾದಿಗೆ ಹೋಗಿ, ಜಲಾಲುದ್ದೀನ್ ಮಾಸ್ತರರ ಮದುವೆ ಬ್ಯಾಂಡು ಸೇರಿದಾಗ ಆ ಸಿಟ್ಟು ನೆತ್ತಿಗೇರಿತು.

"ನಮ್ಮ ಮಂದಿ ಬ್ಯಾಂಡ್ ಹಚ್ಚಸ್ತಾರ, ತಾವ ಊದಂಗಿಲ್ಲ. ಇನ್ನ ಈ ಹೊಸ್ತಿಲಾ ತುಳೀಬ್ಯಾಡ!"

ಅಣ್ಣನೂ ಅವರ ಮಗನೇ ಅಲ್ಲವೇ? ತುಳಿಯಲೇ ಇಲ್ಲ.

ಇದಕ್ಕೆಲ್ಲ ಮೂಲ ನಮ್ಮವ್ವ. ಬೆಳಿಗ್ಗೆ ರೊಟ್ಟಿ ಬಡಿಯುವಾಗ ಅವಳೊಂದು ಹಾಡು ಗುನುಗುತ್ತಿದ್ದಳು. ಮಾತು ಕಡಿಮೆ, ರಾಗವೇ ಜಾಸ್ತಿ, ಅಂಗೈಯ ಬಡಿತವೇ ತಾಳ. ಒಲೆಯ ಪಕ್ಕ ಕೂತು ಅಣ್ಣ ಅದನ್ನು ಮೊದಲು ಪಪ್ಪಾಯಿ ಎಲೆಯ ದಂಟಿನಲ್ಲಿ ಊದಿ ನೋಡಿದ, ಆಮೇಲೆ ಕೊಳಲಿನಲ್ಲಿ. ಅವ್ವ ತೀರಿಹೋದ ಮೇಲೆ ಉಳಿದವರೆಲ್ಲ ಅವಳ ಸೀರೆ, ಪಾತ್ರೆ ಹಂಚಿಕೊಂಡರು. ಅಣ್ಣ ಮಾತ್ರ ಆ ರಾಗದ ಬೆನ್ನು ಹತ್ತಿ ಹೋದ. ನನಗಂತೂ ಅವಳ ದನಿಯೇ ಮರೆತುಹೋಗಿತ್ತು. ಎಷ್ಟು ನೆನೆಸಿಕೊಂಡರೂ ಬರುತ್ತಿರಲಿಲ್ಲ. ಅದನ್ನು ಯಾರಿಗೂ ಹೇಳಲು ಧೈರ್ಯವಿರಲಿಲ್ಲ.

ಮದುವೆ ಗೊತ್ತಾದಾಗ ನನಗಿದ್ದದ್ದು ಒಂದೇ ಹಟ. ನಮ್ಮ ಕಡೆ ಒಂದು ಶಾಸ್ತ್ರವಿದೆ. ಹೆಣ್ಣಿನ ಅಣ್ಣ ಮದುಮಗನ ಕಿವಿ ಹಿಂಡಿ, ತಂಗಿಯನ್ನು ಚೆನ್ನಾಗಿ ನೋಡಿಕೋ ಎಂದು ಹೇಳಬೇಕು. ನನ್ನ ಗಂಡನ ಕಿವಿಯನ್ನು ನಮ್ಮಣ್ಣನೇ ಹಿಂಡಬೇಕು. ಅಪ್ಪ ಆ ಕೆಲಸಕ್ಕೆ ಸೋದರತ್ತೆ ತುಳಜಾಬಾಯಿಯ ಮಗನನ್ನು ನೇಮಿಸಿಬಿಟ್ಟಿದ್ದರು. ಆ ಪುಣ್ಯಾತ್ಮನಿಗೆ ಕಿವಿ ಹಾಗಿರಲಿ, ನಿಂಬೆಹಣ್ಣು ಹಿಂಡಲೂ ಬರುತ್ತಿರಲಿಲ್ಲ.

"ಅಪ್ಪಾ, ಅಣ್ಣಗ ಒಂದ್ ಮಾತ ಹೇಳಿ ಕಳಸ್ರಿ," ಎಂದು ಗೋಗರೆದೆ.

"ಯಾವ ಅಣ್ಣ?" ಅಂದರು ಅಪ್ಪ.

ಅಂಥ ಅಪ್ಪ ತಾವೇ ಹಳ್ಳಕ್ಕೆ ಬಿದ್ದರು. ನಿಶ್ಚಿತಾರ್ಥದ ದಿನ ಹುಮನಾಬಾದಿನ ಬೀಗರ ಮುಂದೆ ಮೀಸೆ ತಿರುವಿ, "ಬ್ಯಾಂಡ್ ಮಾತ್ರ ನಿಮ್ಮೂರಾಗ ಒಂದನೇ ನಂಬರಿಂದ ತರ್ರಿ. ನಮ್ಮ ಓಣಿ ಮಂದಿ ನೋಡ್ತಾರ," ಎಂದುಬಿಟ್ಟರು. ಮೆರವಣಿಗೆಯ ಬ್ಯಾಂಡು ಗಂಡಿನವರ ಜವಾಬ್ದಾರಿ. ಅಷ್ಟರಲ್ಲಿ ಜಲಾಲುದ್ದೀನ್ ಮಾಸ್ತರರ ಬ್ಯಾಂಡೇ ಆ ಊರಿಗೆ ಒಂದನೇ ನಂಬರಾಗಿತ್ತು. ಅಪ್ಪನಿಗೆ ಆ ಸುದ್ದಿ ಹೇಳುವ ಧೈರ್ಯ ಯಾರಿಗಿತ್ತು? ನನ್ನ ಗಂಡ ಸಂಜೀವಕುಮಾರ ತನಗೂ ಏನೂ ಗೊತ್ತಿರಲಿಲ್ಲ ಎಂದು ಇವತ್ತಿಗೂ ಆಣೆ ಮಾಡುತ್ತಾರೆ. ನಾನು ನಂಬಿಲ್ಲ.

ಮದುವೆಯ ದಿನ ತಲೆಬಾಗಿಲ ಮೇಲಿನ ಮಹಡಿಯ ಕಿಟಕಿಯಲ್ಲಿ ನಿಂತಿದ್ದೆ. ಓಣಿಯ ತಿರುವಿನಲ್ಲಿ ಬ್ಯಾಂಡು, ಅದರ ಹಿಂದೆ ಕುದುರೆ ಮೇಲೆ ಮದುಮಗ. ನಾನು ಮದುಮಗನನ್ನು ನೋಡಲೇ ಇಲ್ಲ. ಎಲ್ಲರ ಮುಂದೆ, ಗಲ್ಲ ಉಬ್ಬಿಸಿಕೊಂಡು, ಅಣ್ಣ!

ಬೀಗರನ್ನು ಎದುರುಗೊಳ್ಳಲು ತಲೆಗೆ ಪಟಗಾ ಸುತ್ತಿಕೊಂಡು ನಿಂತಿದ್ದ ಅಪ್ಪನ ಮುಖ ಕಪ್ಪಿಟ್ಟಿತು. ಬೈಯುವಂತಿಲ್ಲ. ಗಂಡಿನ ಜೊತೆ ಬಂದವನನ್ನು ಬೈದರೆ ಬೀಗರನ್ನೇ ಬೈದಂತೆ.

"ಮಹಾರುದ್ರಾ, ನಗು. ಬೀಗರು ನೋಡಾಕತ್ತಾರ," ಎಂದು ತುಳಜಾಬಾಯಿ ಅತ್ತೆ ತಿವಿದಳು. ಅಪ್ಪ ಹಲ್ಲು ಕಿರಿದರು.

ಹಂದರದ ಮುಂದೆ ಸಿನಿಮಾ ಹಾಡುಗಳೆಲ್ಲ ಮುಗಿದವು. ಕುಣಿಯುವವರು ಬೆವರು ಒರೆಸಿಕೊಂಡರು. ಆದರೆ ಅಣ್ಣ ಕ್ಲಾರಿನೆಟ್ ಇಳಿಸಲಿಲ್ಲ. ಕಣ್ಣು ಮುಚ್ಚಿ ಅವ್ವನ ರೊಟ್ಟಿ ಹಾಡು ಎತ್ತಿಕೊಂಡ. ಡೋಲಿನವನು ಅಂಗೈಯಿಂದ ಮೆಲ್ಲಗೆ ತಾಳ ಕೊಟ್ಟ. ನಾನು ಕಿಟಕಿಯ ಸರಳು ಹಿಡಿದುಕೊಂಡೆ. ಹಾಡು ಅದೇ, ಆದರೂ ಎಲ್ಲೋ ಏನೋ ಕಡಿಮೆ. ಅವ್ವ ಬರಲಿಲ್ಲ.

ಅಪ್ಪ ದಾಪುಗಾಲು ಹಾಕುತ್ತ ಹೋಗಿ ಅಣ್ಣನ ಎದುರು ನಿಂತರು. ಕಪಾಳಕ್ಕೆ ಬಿತ್ತು ಅಂದುಕೊಂಡೆ. ಅಣ್ಣ ಊದುವುದನ್ನು ನಿಲ್ಲಿಸಿದ.

"ಅಲ್ಲಲೇ!" ಅಂದರು ಅಪ್ಪ. "ಅಲ್ಲಿ ಏರಂಗಿಲ್ಲ. ರೊಟ್ಟಿ ತಿರುವಿ ಹಾಕೂ ಮುಂದ ಆಕಿ ಇಳೀತಿದ್ದಳು. ಹಿಂಗ."

ಭಜನೆಯಲ್ಲೂ ಬರೀ ತುಟಿ ಆಡಿಸುತ್ತಿದ್ದ ನಮ್ಮಪ್ಪ, ಬೀಗರ ಕುದುರೆಯ ಮುಂದೆ, ಇಡೀ ಓಣಿಯೆದುರು ಬಾಯಿಬಿಟ್ಟು ಹಾಡಿದರು. ಒಡಕು ದನಿ. ಅಣ್ಣನ ಕ್ಲಾರಿನೆಟ್ ಆ ದನಿಯ ಹಿಂದೆಯೇ ಇಳಿಯಿತು. ಆಗ ಬಂದಳು ಅವ್ವ. ಅವಳ ದನಿ ಪೂರ್ತಿ ನನ್ನ ಕಿವಿಗೆ ಬಂತು. ನಾನು ಸರಳಿಗೆ ಹಣೆ ಹಚ್ಚಿ ಗೋಳೋ ಎಂದು ಅತ್ತೆ. ಹಚ್ಚಿದ ಪೌಡರೆಲ್ಲ ಹೋಯಿತೆಂದು ಗೆಳತಿಯರು ಬೈದರು.

ಕೆಳಗೆ ಅಪ್ಪ ಗಂಟಲು ಸರಿಮಾಡಿಕೊಂಡರು. "ಆ ಕೋಟ್ ಕಳದ ಒಳಗ ನಡಿ. ಬೀಗರ ಕಡಿಯಾಂವ ಕಿವಿ ಹಿಂಡಿದ್ರ ಅದೇನ್ ಶಾಸ್ತ್ರ ಆಗ್ತದ?"

ಅಣ್ಣ ನಿಂತಲ್ಲೇ ನಿಂತಿದ್ದ. "ಅಪ್ಪಾ, ನಿಮಗ ಈ ಹಾಡ ಗೊತ್ತಽ ಇಲ್ಲ ಅಂತಿದ್ದಳಲ್ರಿ ಅವ್ವ. ನಿಮ್ಮಪ್ಪಗ ಪೇಪರ್ ಒಂದಿದ್ರ ಸಾಕು ಅಂತಿದ್ದಳು."

ಅಪ್ಪ ಪಟಗಾದ ತುದಿಯಿಂದ ಕಣ್ಣೊರೆಸಿಕೊಂಡರು.

"ಪೇಪರ್ ಅಡ್ಡ ಹಿಡಕೊಂಡು ಕೇಳ್ತಿದ್ದೆ," ಅಂದರು. "ಆಕಿಗಿ ಒಮ್ಮೆನೂ ಹೇಳಲಿಲ್ಲ ನೋಡು."