ಫಿಟ್ಟರನ ಕೋಟು

ಮಿಲ್ಲು ಮುಚ್ಚಿದ ಮೇಲೆ ಅದರ ಹಾಜರಿ ಕೋಣೆಯನ್ನು ಇತಿಹಾಸ ಸಂಘದವರು ಊರಿನ ಹಳೆಯ ಸಾಮಾನುಗಳ ಸಂಗ್ರಹಾಲಯ ಮಾಡಿಕೊಂಡರು. ಸಂಘದ ದೊಡ್ಡವರೆಲ್ಲ ಸಭೆಗೆ ಬಂದು, ಚಹಾ ಕುಡಿದು, ಪರಂಪರೆಯ ಮೇಲೆ ಮಾತಾಡಿ ಹೋಗುವವರು. ಧೂಳು ಹೊಡೆಯುವವನು ಇಸ್ತ್ರಿಯಣ್ಣ ಒಬ್ಬನೇ. ನಲವತ್ತು ವರ್ಷ ಊರಿನವರ ಬಟ್ಟೆಗೆ ಇಸ್ತ್ರಿ ಹಾಕಿದ ಮನುಷ್ಯ. ಸುಕ್ಕು ಕಂಡರೆ ಈಗಲೂ ಅವನ ಕೈ ಸುಮ್ಮನಿರುತ್ತಿರಲಿಲ್ಲ.

ಕಿಟಕಿಯ ಪಕ್ಕದ ಗೂಟದಲ್ಲಿ ಒಂದು ನೀಲಿ ಉಣ್ಣೆ ಕೋಟು. ಕೆಳಗೆ ಅವನೇ ಬರೆದ ಚೀಟಿ: ‘ಫಿಟ್ಟರನ ಕೋಟು. ಎಣ್ಣೆ ಕಲೆಗಳಿವೆ. ಕೊಟ್ಟವರು ಅವನ ಅಕ್ಕ.’ ಆ ಫಿಟ್ಟರ್ ಒಂದು ದಿನ ಸೆಕೆಯೆಂದು ಕೋಟು ಕಳಚಿಟ್ಟು ಬಾಯ್ಲರ್ ಕಡೆ ಹೋದವನು ತಿರುಗಿ ಬರಲಿಲ್ಲ. ತಾಯಿಯಿಲ್ಲದ ತಮ್ಮನನ್ನು ಎತ್ತಿ ಆಡಿಸಿ ಬೆಳೆಸಿದ್ದ ಅಕ್ಕ, ತನ್ನ ಸೋರುವ ಮನೆಯಲ್ಲಿ ಕೋಟು ಹಾಳಾದೀತೆಂದು ಹೆದರಿ, ಇಲ್ಲಾದರೂ ಜೋಪಾನವಾಗಿರಲಿ ಎಂದು ತಂದುಕೊಟ್ಟಿದ್ದರು.

ಪ್ರತಿ ಗುರುವಾರ ಅಕ್ಕ ಬರುತ್ತಿದ್ದರು. ಗೋಡೆಯ ಮೇಲೆ ‘ವಸ್ತುಗಳನ್ನು ಮುಟ್ಟಬಾರದು’ ಎಂಬ ಫಲಕ ಬೇರೆ. ಹಾಗಾಗಿ ಅವರು ಒಳಗೆ ಕಾಲಿಟ್ಟ ಕೂಡಲೇ ಇಸ್ತ್ರಿಯಣ್ಣನಿಗೆ ಚಹಾದ ನೆನಪಾಗುತ್ತಿತ್ತು. ಅವನು ಎದುರಿನ ಅಂಗಡಿಗೆ ಹೋಗಿ ಬರುವಷ್ಟರಲ್ಲಿ ಅವರೂ ಹೊರಟಿರುತ್ತಿದ್ದರು. ನಿಯಮ ಮುರಿದದ್ದನ್ನು ಯಾರೂ ನೋಡಲಿಲ್ಲ. ಹನ್ನೊಂದು ವರ್ಷ ಹೀಗೇ ನಡೆಯಿತು. ತೋಳು ಸವರಿ ಹೋಗುತ್ತಾರೇನೋ ಎಂದುಕೊಂಡಿದ್ದ, ಪಾಪ.

ಈ ವರ್ಷ ಕಾಲರಿನಲ್ಲಿ ಹುಳು ಕೊರೆದ ತೂತು ಅವನ ಕಣ್ಣಿಗೆ ಬಿತ್ತು. ಸಂಘಕ್ಕೆ ಹೇಳಿದರೆ ಅವರು ಸಮಿತಿ ಮಾಡುವಷ್ಟರಲ್ಲಿ ಗುಂಡಿಗಳಷ್ಟೇ ಉಳಿದಾವು. ತಾನೇ ಮನೆಗೆ ಒಯ್ದು ಉಗುರುಬೆಚ್ಚಗಿನ ಸೋಪಿನ ನೀರಲ್ಲಿ ನೆನೆಸಿದ. ಮೂರು ಸಲ ನೀರು ಬದಲಿಸಿದ, ತೂತು ಹೊಲಿದ, ಒದ್ದೆ ಬಟ್ಟೆ ಹಾಸಿ ಇಸ್ತ್ರಿ ಹೊಡೆದ. ಒಂದು ಕಲೆಯೂ ಉಳಿಯಲಿಲ್ಲ. ಚೀಟಿಯಲ್ಲಿ ‘ಎಣ್ಣೆ ಕಲೆಗಳಿವೆ’ ಎಂಬುದನ್ನು ಹೆಮ್ಮೆಯಿಂದಲೇ ಹೊಡೆದುಹಾಕಿದ.

ಆ ಗುರುವಾರ ಅವನು ಚಹಾಕ್ಕೆ ಹೋಗಲಿಲ್ಲ. ಅಕ್ಕನ ಮುಖ ನೋಡುವ ಆಸೆ.

“ಇವತ್ತು ಚಹಾ ಇಲ್ವಾ?” ಎಂದರು ಅಕ್ಕ.

“ಇವತ್ತು ಬೇಡ ಅಕ್ಕ. ನೀವು ಕೋಟು ನೋಡಿ.”

ಅವರು ಒಮ್ಮೆ ಗೋಡೆಯ ಫಲಕದ ಕಡೆ ನೋಡಿದರು. ಆಮೇಲೆ ರೂಢಿಯ ಕೈಯಲ್ಲಿ ಕೋಟು ಇಳಿಸಿ, ಕಾಲರಿನಲ್ಲಿ ಮುಖವಿಟ್ಟು, ದೀರ್ಘವಾಗಿ ಉಸಿರೆಳೆದರು. ಮುಖ ತೆಗೆದು, ಮತ್ತೆ ಮೂಸಿದರು. ತೋಳು, ಕಂಕುಳು, ಒಳಜೇಬು, ಎಲ್ಲಾ ಕಡೆ ಹುಡುಕಿದರು. ಎಲ್ಲೆಲ್ಲೂ ಸೋಪಿನ ವಾಸನೆ. ಹನ್ನೊಂದು ವರ್ಷ ಅವರು ಬರುತ್ತಿದ್ದುದು ಯಾತಕ್ಕೆಂದು ಇಸ್ತ್ರಿಯಣ್ಣನಿಗೆ ಆಗ ತಿಳಿಯಿತು.

“ಹುಳ ಹಿಡಿದಿತ್ತು ಅಕ್ಕ,” ಎಂದ.

ಅಕ್ಕ ಕೋಟನ್ನು ಗೂಟಕ್ಕೆ ಹಾಕಿ, ಕಾಲರು ಸರಿಮಾಡಿದರು. ಬೈದಿದ್ದರೆ ಅವನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

“ಚೆನ್ನಾಗಿ ಒಗೆದಿದೀಯಪ್ಪ,” ಎಂದರು. “ಒಗೆಯೋಕೆ ನಂಗೂ ಬರ್ತಿತ್ತು.”

ಮುಂದಿನ ಗುರುವಾರ ಇಸ್ತ್ರಿಯಣ್ಣ ಬಾಗಿಲು ತೆರೆದಿಟ್ಟು ಹೊತ್ತಿಗೆ ಸರಿಯಾಗಿ ಚಹಾಕ್ಕೆ ಹೋದ. ಬೇಕೆಂದೇ ಎರಡು ಲೋಟ ಕುಡಿದ. ವಾಪಸು ಬಂದು ಕೋಟಿನ ಮುಂದೆ ನಿಂತು ನೋಡಿದ. ಇಸ್ತ್ರಿ ಒಂದಿಷ್ಟೂ ಕೆಟ್ಟಿರಲಿಲ್ಲ.