ಗಿರಣಿಯ ಎರಡು ಬಾಗಿಲು

ಟೀಚರ ಬೆನ್ನಿನ ಚೀಲ ಎಷ್ಟು ದೊಡ್ಡದಿತ್ತೆಂದರೆ, ಹಿಂದಿನಿಂದ ನೋಡಿದವರಿಗೆ ಚೀಲಕ್ಕೇ ಎರಡು ಕಾಲು ಮೂಡಿ ನಡೆದುಹೋದಂತೆ ಕಾಣುತ್ತಿತ್ತು. ಐದು ವರ್ಷ ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಹೇಳಿ, ಮನೆಯವರ ಬಾಯಿ ಮುಚ್ಚಿಸಿ, ಮೊದಲ ಸಲ ಪರದೇಶಕ್ಕೆ ಒಬ್ಬಳೇ ಬಂದಿದ್ದಳು. "ಹೋಗೋದೇ ಹೋಗ್ತೀಯ, ಸಮುದ್ರ ಗಿಮುದ್ರ ನೋಡ್ಕೊಂಡು ಬಾ. ಸತ್ತೋರ ಜಾಗಕ್ಕೆಲ್ಲ ಯಾಕೆ ಹೋಗ್ಬೇಕು?" ಎಂದು ಚಿಕ್ಕಮ್ಮ ಫೋನಿನಲ್ಲಿ ಗೊಣಗಿದ್ದಳು. ಕೇಳಬೇಕಲ್ಲ ಇವಳು! ಈ ಊರಿನ ಯುದ್ಧ ಅವಳ ಪಠ್ಯದಲ್ಲಿ ಅರ್ಧ ಪುಟ, ಪರೀಕ್ಷೆಯಲ್ಲಿ ಎರಡು ಅಂಕ. ಕಣ್ಣಾರೆ ನೋಡದೆ ಇನ್ನೊಂದು ವರ್ಷ ಆ ಪಾಠ ಮಾಡಲಾರೆ ಎಂದು ಹಟ ಹಿಡಿದಿದ್ದಳು.

ಪ್ರವಾಸಿಗಳ ವ್ಯಾನು ತಗಡಿನ ಗುಡಿಸಲುಗಳ ಸಂದಿಯಲ್ಲಿ ನುಸುಳಿ ಹಳೆಯ ನೂಲಿನ ಗಿರಣಿಯ ಮುಂದೆ ನಿಂತಿತು. ಎಲ್ಲರ ಜೊತೆ ಟೀಚರೂ ಗುಡಿಸಲುಗಳ ಫೋಟೊ ಕಿಟಕಿಯಿಂದಲೇ ತೆಗೆದದ್ದಾಗಿತ್ತು. ಗಿರಣಿ ಈಗ ಸ್ಮಾರಕ. ಯುದ್ಧದ ವರ್ಷ ಸೈನಿಕರು ಅಲ್ಲಿಯ ಕೆಲಸಗಾರರನ್ನೆಲ್ಲ ಒಳಗೆ ಕೂಡಿಹಾಕಿ ಕೊಂದಿದ್ದರು. ಬಾಗಿಲಲ್ಲಿ ಒಬ್ಬ ಮುದುಕಿ ಟಿಕೆಟ್ ಹರಿದುಕೊಡುತ್ತಿದ್ದಳು. ಬಿಡುವಿದ್ದಾಗ ಮೆಟ್ಟಿಲು ಗುಡಿಸುವುದೂ ಅವಳ ಕೆಲಸವೇ.

ಉಳಿದ ಪ್ರವಾಸಿಗಳು ಬೂಟು ಟಪಟಪಿಸುತ್ತ ಒಳಗೆ ನಡೆದರು. ನಮ್ಮ ಟೀಚರಿಗೆ ಮಾತ್ರ ಕಾಲು ಬರಲಿಲ್ಲ. ಅಷ್ಟು ಜನ ಜೀವ ಬಿಟ್ಟ ಜಾಗ, ಮೆಟ್ಟಿಕೊಂಡು ಹೋಗುವುದು ಹೇಗೆ? ಮೆಟ್ಟಿಲ ಮೇಲೆ ಕೂತು ಹೊಸ ಶೂ ಬಿಚ್ಚಿ, ಜೋಡಿಸಿಟ್ಟು, ಊರಿನಲ್ಲಿ ದೇವಸ್ಥಾನದ ಬಾಗಿಲಲ್ಲಿ ಹೇಳಿ ಅಭ್ಯಾಸವಾದ ಮಾತನ್ನೇ ಇಲ್ಲೂ ಇಂಗ್ಲಿಷಿನಲ್ಲಿ ಹೇಳಿಬಿಟ್ಟಳು.

"ಅಮ್ಮಾ, ಇದನ್ನ ಸ್ವಲ್ಪ ನೋಡ್ಕೊಂಡಿರ್ತೀರಾ? ಈಗ ಬಂದುಬಿಡ್ತೀನಿ."

ಮುದುಕಿಯ ಕೈಯಲ್ಲಿದ್ದ ಟಿಕೆಟ್ಟುಗಳು ಕೆಳಗೆ ಬಿದ್ದವು.

"ನಮ್ಮಮ್ಮನೂ ಹೀಗೇ ಹೇಳಿದ್ಲು," ಎಂದಳು, ಬಂದುಹೋಗುವವರಿಂದ ಕಲಿತ ಮುರುಕು ಇಂಗ್ಲಿಷಿನಲ್ಲಿ. "ಇದೇ ಮೆಟ್ಟಿಲು. ಹೆಸರು ಬರ್ಕೋತೀವಿ, ಶೂ ಹೊರಗೆ ಬಿಟ್ಟು ಬನ್ನಿ ಅಂದ್ರು. ಬರಿಗಾಲಲ್ಲಿ ಯಾರೂ ದೂರ ಓಡಕ್ಕಾಗಲ್ಲ, ಅದಕ್ಕೆ. ನನಗೆ ಏಳು ವರ್ಷ. ಶೂ ನೋಡ್ಕೋ, ಈಗ ಬಂದೆ ಅಂತ ಹೋದೋಳು..."

ಟೀಚರಿಗೆ ಭೂಮಿ ಬಾಯಿ ಬಿಟ್ಟರೆ ಸಾಕೆನಿಸಿತು. "ತಪ್ಪಾಯ್ತು ಅಮ್ಮಾ, ಗೊತ್ತಿರ್ಲಿಲ್ಲ," ಎಂದು ತಡಬಡಿಸಿ ಶೂಗೆ ಕೈ ಹಾಕಿದಳು. ಮುದುಕಿ ಅದರ ಮೇಲೆ ತನ್ನ ಕೈಯಿಟ್ಟಳು.

"ಬೇಡ, ಇರ್ಲಿ. ನೀನು ಹೋಗಿ ನೋಡು. ಇಪ್ಪತ್ತು ವರ್ಷದಿಂದ ಇಲ್ಲಿ ಗುಡಿಸ್ತೀನಿ, ಒಳಗೆ ಕಾಲಿಟ್ಟಿಲ್ಲ. ಒಳಗಿನ ಕಸ ಬೇರೆಯವರು ಗುಡಿಸ್ತಾರೆ." ಆಮೇಲೆ ಮೆಲ್ಲಗೆ, "ಆದ್ರೆ ಬರ್ಬೇಕು ನೀನು. ಬರ್ತೀಯ ತಾನೇ?"

"ಬರ್ತೀನಿ ಅಮ್ಮಾ."

ಒಳಗೆ ಯಂತ್ರಗಳಿರಲಿಲ್ಲ. ಅವುಗಳನ್ನು ನೆಲಕ್ಕೆ ಬಿಗಿದಿದ್ದ ತೂತುಗಳು ಮಾತ್ರ ಉಳಿದಿದ್ದವು. ಗೋಡೆಯ ತುಂಬ ಕೆಲಸಗಾರರ ಗುರುತಿನ ಚೀಟಿಯ ಫೋಟೊಗಳು. ಪಾಠ ಹೇಳುವಾಗ "ಸುಮಾರು ಆರುನೂರು ಮಂದಿ" ಎಂದು ಬೋರ್ಡಿನ ಮೇಲೆ ಬರೆದು, ಒರೆಸಿ, ಮುಂದಿನ ಪ್ರಶ್ನೆಗೆ ಹೋಗುತ್ತಿದ್ದಳಲ್ಲ, ಈಗ ಆ ಸುಮಾರಿನಲ್ಲಿ ಒಬ್ಬೊಬ್ಬರೂ ಅವಳನ್ನೇ ನೋಡುತ್ತಿದ್ದರು. ಒಬ್ಬಳು, ಫೋಟೊ ತೆಗೆಯುವವನು ಏನೋ ತಮಾಷೆ ಮಾಡಿದನೆಂಬಂತೆ ನಗು ತಡೆದುಕೊಂಡಿದ್ದಳು. ಬರಿಗಾಲಿಗೆ ನೆಲ ತಣ್ಣಗೆ ಕೊರೆಯಿತು. ಟೀಚರ್ ಅತ್ತಳು. ಎಷ್ಟು ಹೊತ್ತು ಅತ್ತಳೋ ಅವಳಿಗೇ ಗೊತ್ತಿಲ್ಲ.

ಐದಕ್ಕೆ ಕಾವಲುಗಾರ ಬಂದು ಎಲ್ಲರನ್ನೂ ಹಿಂದಿನ ಬಾಗಿಲಿಂದ ಹೊರಗೆ ಸಾಗಿಸಿದ. ಮುಂದಿನ ಬಾಗಿಲು ಬರುವುದಕ್ಕೆ ಮಾತ್ರವಂತೆ. ಆ ದಿನವೂ ಹೆಣಗಳನ್ನು ಲಾರಿಗೆ ಹತ್ತಿಸಿದ್ದು ಹಿಂದಿನಿಂದಲೇ ಎಂದು ಅಲ್ಲಿ ಫಲಕವಿತ್ತು. ಹೊರಗೆ ಕಾದು ನಿಂತಿದ್ದ ವ್ಯಾನು ಆಗಲೇ ಹಾರನ್ ಬಾರಿಸುತ್ತಿತ್ತು.

"ನನ್ನ ಶೂ ಮುಂದಿನ ಬಾಗಿಲಲ್ಲಿದೆ!"

"ಅಯ್ಯೋ, ಗೋಡೆ ಸುತ್ತಿ ಹೋಗೋಕೆ ಅರ್ಧ ಗಂಟೆ ಬೇಕು," ಎಂದ ಡ್ರೈವರ್. "ಶೂ ತಾನೇ, ಬಿಡಮ್ಮ. ಪೇಟೇಲಿ ಹೊಸದು ತಗೊಂಡ್ರಾಯ್ತು. ಇವತ್ತಿಗೆ ಇದೇ ಕೊನೇ ಗಾಡಿ."

ಶೂ ಹಾಳಾಗಿ ಹೋಗಲಿ, ಅದರ ಮುಂದೆ ಕೂತವಳನ್ನು ಬಿಟ್ಟು ಹೋಗುವುದಾದರೂ ಹೇಗೆ? "ನೀವು ಹೋಗಿ," ಎಂದು ವ್ಯಾನಿನಿಂದ ಚೀಲ ಇಳಿಸಿಕೊಂಡು ಓಡತೊಡಗಿದಳು. ಚೀಲದ ತಳದಲ್ಲಿ ಚಪ್ಪಲಿಯಿತ್ತು, ಬಿಚ್ಚಿ ಹುಡುಕುವಷ್ಟು ವ್ಯವಧಾನವಿರಲಿಲ್ಲ.

ಗೋಡೆಯ ಉದ್ದಕ್ಕೂ ಬರುವಾಗಿನ ಅದೇ ಗುಡಿಸಲುಗಳು. ಕಿಟಕಿಯಿಂದ ಕಂಡಿದ್ದು ಬರೀ ತಗಡು. ಈಗ ಚರಂಡಿ ಕಾಲಿಗೆ ಹತ್ತಿತು, ಜಲ್ಲಿ ಚುಚ್ಚಿತು. ಪಾತ್ರೆ ತೊಳೆಯುತ್ತಿದ್ದ ಹೆಂಗಸೊಬ್ಬಳು ರಟ್ಟೆ ಹಿಡಿದೆಳೆದು, ಮುಂದೆ ಬಿದ್ದಿದ್ದ ಗಾಜಿನ ಚೂರು ತೋರಿಸಿ ಏನೋ ಬೈದಳು. ಅವಳ ಕಾಲೂ ಬರಿಗಾಲೇ, ಹಿಮ್ಮಡಿ ಬಿರುಕು ಬಿಟ್ಟಿತ್ತು. ಇವರ ಮನೆಗಳ ಫೋಟೊ ತೆಗೆದೆನಲ್ಲ ಎಂದು ಟೀಚರಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಮುಂದಿನ ಬಾಗಿಲಿಗೆ ಬೀಗ ಬಿದ್ದಿತ್ತು. ಮುದುಕಿ ಮೆಟ್ಟಿಲ ಮೇಲೆ ಶೂಗಳನ್ನು ಮಡಿಲಲ್ಲಿಟ್ಟುಕೊಂಡು, ಬೀಗದ ಕಡೆ ಮುಖ ಮಾಡಿ ಕೂತಿದ್ದಳು. ಬೆನ್ನ ಹಿಂದೆ ಏದುಸಿರು ಕೇಳಿ ತಿರುಗಿದಳು.

"ಇಷ್ಟು ಹೊತ್ತು ಮಾಡ್ತಾರಾ?" ಎಂದು ಗದರಿದಳು. "ಎಷ್ಟು ಹೊತ್ತು ಅಂತ ಕಾಯೋದು?"

"ಹಿಂದಿನ ಬಾಗಿಲಿಂದ ಕಳಿಸಿಬಿಟ್ರು ಅಮ್ಮಾ."

"ಗೊತ್ತು," ಎಂದಳು ಮುದುಕಿ. "ಆ ಕಡೆಯಿಂದ ಯಾರೂ ವಾಪಸ್ ಬರಲ್ಲ."

ಟೀಚರನ್ನು ಕೂರಿಸಿ, ತನ್ನ ಉಡುಪಿನಷ್ಟೇ ಹಳತಾದ ಒಂದು ಬಟ್ಟೆಯಿಂದ ಅವಳ ಕಾಲಿನ ಕೆಸರು, ರಕ್ತ ಒರೆಸಿದಳು. ಬೇಡವೆಂದರೂ ಬಿಡಲಿಲ್ಲ. ಶೂ ಹಾಕಿ, ಲೇಸು ಎಳೆದು ಬಿಗಿದಳು. ಕಟ್ಟಿದ ಮೇಲೂ ಕೈ ಅಲ್ಲೇ ಇತ್ತು.

"ನಾನು ಆಗ ಅಮ್ಮನ ಶೂ ಎರಡು ದಿನ ನೋಡ್ಕೊಂಡೆ. ಮೂರನೇ ದಿನ ಹೊಟ್ಟೆ ಕೇಳ್ಲಿಲ್ಲ. ಒಬ್ಬನಿಗೆ ಶೂ ಕೊಟ್ಟೆ, ಎರಡು ಬ್ರೆಡ್ ಕೊಟ್ಟ. ಒಂದು ತಿಂದೆ." ಅವಳು ತಲೆ ಎತ್ತಲಿಲ್ಲ. "ಇನ್ನೊಂದು ಅಮ್ಮನಿಗೆ ಅಂತ ಇಟ್ಟಿದ್ದೆ. ಮಾರನೇ ದಿನ ಅದನ್ನೂ ತಿಂದುಬಿಟ್ಟೆ."